ಮುಕ್ತ ಸಾರ್ವಜನಿಕ ದತ್ತಾಂಶದಿಂದ ಬಡಾವಣೆಗಳ ಅಧ್ಯಯನ

ಮುಕ್ತ ಸಾರ್ವಜನಿಕ ದತ್ತಾಂಶದಿಂದ ಬಡಾವಣೆಗಳ ಅಧ್ಯಯನ ಎಂದರೆ ಸರ್ಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು ಮತ್ತು ಸ್ವಯಂಸೇವಕ ಸಮುದಾಯಗಳು ಎಲ್ಲರ ಬಳಕೆಗೆ ತೆರೆದಿಟ್ಟಿರುವ ಅಂಕಿಅಂಶ, ನಕ್ಷೆ ಹಾಗೂ ದಾಖಲೆಗಳ ನೆರವಿನಿಂದ ಒಂದು ಬಡಾವಣೆ, ವಾರ್ಡು, ಓಣಿ ಅಥವಾ ಊರಂಚಿನ ಹಳ್ಳಿಯ ಸ್ಥಿತಿಗತಿಯನ್ನು ಅರಿಯುವ ಕ್ರಮ. ನಿವೇಶನ ಕೊಳ್ಳುವ ಕುಟುಂಬ, ವರ್ಗಾವಣೆಯಾಗಿ ಬರುವ ನೌಕರ, ವಾರ್ಡಿನ ಸೌಕರ್ಯಕ್ಕಾಗಿ ಮನವಿ ಸಲ್ಲಿಸುವ ನಿವಾಸಿಗಳು, ಪತ್ರಕರ್ತರು ಮತ್ತು ಸಂಶೋಧಕರು ಇದನ್ನು ಬಳಸುತ್ತಾರೆ. ಮಹಾನಗರಗಳಲ್ಲಿ ಇಂತಹ ಅಧ್ಯಯನಕ್ಕೆ ಸಿದ್ಧ ದತ್ತಾಂಶ ಸಂಗ್ರಹಗಳು ಲಭ್ಯವಿವೆ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ತಾಲೂಕು ಕೇಂದ್ರಗಳಲ್ಲಿ ಅದೇ ಮಾಹಿತಿಯನ್ನು ಬೇರೆ ಬೇರೆ ಇಲಾಖೆಗಳ ಜಾಲತಾಣಗಳಿಂದ ಆಯ್ದು ಜೋಡಿಸಬೇಕಾಗುತ್ತದೆ. ಹೀಗೆ ಜೋಡಿಸುವಾಗ ಪ್ರತಿಯೊಂದು ಅಂಕಿಯೂ ಯಾವ ಗಡಿಗೆ ಮತ್ತು ಯಾವ ದಿನಾಂಕಕ್ಕೆ ಸೇರಿದ್ದು ಎಂಬುದನ್ನು ಗುರುತಿಸುವುದು ಈ ಅಧ್ಯಯನದ ಮೂಲ ನಿಯಮ.

ಪರಿಕಲ್ಪನೆ ಮತ್ತು ಕಾನೂನಿನ ಹಿನ್ನೆಲೆ

ಸಾರ್ವಜನಿಕ ದಾಖಲೆ ಮತ್ತು ಮುಕ್ತ ದತ್ತಾಂಶ ಒಂದೇ ಅಲ್ಲ. ಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಶುಲ್ಕ ತುಂಬಿ ನೋಡಬಹುದಾದ ಕಾಗದ ಸಾರ್ವಜನಿಕ ದಾಖಲೆಯಾಗಿರಬಹುದು. ಆದರೆ ಗಣಕಯಂತ್ರ ಓದಬಲ್ಲ ರೂಪದಲ್ಲಿದ್ದು, ಯಾರು ಬೇಕಾದರೂ ಪಡೆದು, ಮರುಬಳಸಿ, ಹಂಚಿಕೊಳ್ಳಲು ಪರವಾನಗಿ ಇರುವುದನ್ನು ಮಾತ್ರ ಮುಕ್ತ ದತ್ತಾಂಶ ಎನ್ನುತ್ತಾರೆ. ಈ ಅರ್ಥದಲ್ಲಿ ಜನಗಣತಿಯ ಕೋಷ್ಟಕಗಳು ಮುಕ್ತ ದತ್ತಾಂಶಕ್ಕೆ ಹತ್ತಿರವಾಗಿವೆ. ಒಂದೊಂದೇ ಸರ್ವೆ ನಂಬರ್ ನಮೂದಿಸಿ ನೋಡಬೇಕಾದ ಪಹಣಿಯು ಸಾರ್ವಜನಿಕವಾಗಿದ್ದರೂ ಪೂರ್ಣವಾಗಿ ಮುಕ್ತವಲ್ಲ.

ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವು ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳದಿದ್ದರೂ ತಾವಾಗಿಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಪಟ್ಟಿಮಾಡಿದೆ. 2012ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ಕೇಂದ್ರದ ಮುಕ್ತ ದತ್ತಾಂಶ ಪೋರ್ಟಲ್ ಆರಂಭವಾಯಿತು. 2017ರಲ್ಲಿ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ಜಾರಿಗೆ ಬಂದಿತು. ಆಕರವನ್ನು ಉಲ್ಲೇಖಿಸಿ ದತ್ತಾಂಶವನ್ನು ಮರುಬಳಸಲು ಈ ಪರವಾನಗಿ ಅವಕಾಶ ನೀಡುತ್ತದೆ.

ಇತಿಹಾಸ

ಊರಿನ ಒಂದು ಭಾಗವನ್ನು ಅಂಕಿ ಮತ್ತು ನಕ್ಷೆಯ ಮೂಲಕ ಅರಿಯುವ ಪ್ರಯತ್ನಕ್ಕೆ 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ನಡೆಸಿದ ಕಾಲರಾ ಅಧ್ಯಯನವು ಪ್ರಸಿದ್ಧ ನಿದರ್ಶನ. ಕಾಲರಾದಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ಅವರು ತೋರಿಸಿದರು. ಸರ್ಕಾರಿ ದತ್ತಾಂಶವನ್ನು ಒಂದೇ ಕಡೆ ತೆರೆದಿಡುವ ಪೋರ್ಟಲ್‌ಗಳು ಅಮೆರಿಕದಲ್ಲಿ 2009ರಲ್ಲಿ, ಬ್ರಿಟನ್ನಿನಲ್ಲಿ 2010ರಲ್ಲಿ ಆರಂಭವಾದವು.

ಕರ್ನಾಟಕದಲ್ಲಿ ಈ ಬಗೆಯ ಅಧ್ಯಯನಕ್ಕೆ ತಳಹದಿಯಾದ ಯೋಜನೆಗಳಲ್ಲಿ ಭೂದಾಖಲೆಗಳ ಗಣಕೀಕರಣ ಯೋಜನೆ ‘ಭೂಮಿ’ ಮುಖ್ಯವಾದದ್ದು. 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಈ ಯೋಜನೆಯಡಿ ಗಣಕಕ್ಕೆ ಸೇರಿದವು. ನೋಂದಣಿ ಇಲಾಖೆಯ ‘ಕಾವೇರಿ’ ಹಾಗೂ ಗ್ರಾಮ ಪಂಚಾಯಿತಿ ಆಸ್ತಿಗಳ ‘ಇ-ಸ್ವತ್ತು’ ತಂತ್ರಾಂಶಗಳು ಬಳಿಕ ಬಂದವು. ಸರ್ಕಾರದ ಹೊರಗೆ, ಬೆಂಗಳೂರಿನಲ್ಲಿ ರೂಪುಗೊಂಡ ಡೇಟಾಮೀಟ್ ಸಮುದಾಯವು ವಾರ್ಡು ನಕ್ಷೆಗಳನ್ನು ಮುಕ್ತ ರೂಪದಲ್ಲಿ ಒದಗಿಸಿತು. ಊರ್ವಾಣಿ ಪ್ರತಿಷ್ಠಾನದ ‘ಓಪನ್ ಸಿಟಿ’ ಜಾಲತಾಣವು ನಗರಗಳ ಆಯವ್ಯಯ, ನಕ್ಷೆ ಮತ್ತು ವರದಿಗಳನ್ನು ಸಂಗ್ರಹಿಸುತ್ತಿದೆ.

ಗಡಿ ಮತ್ತು ಕಾಲದ ಪ್ರಶ್ನೆ

ಒಂದೇ ಹೆಸರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಭೂಪ್ರದೇಶವನ್ನು ಸೂಚಿಸಬಹುದು. ವಿಜಯಪುರ ಜಿಲ್ಲೆ ಇದಕ್ಕೆ ಸ್ಪಷ್ಟ ಉದಾಹರಣೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಪ್ರತ್ಯೇಕಗೊಂಡಿತು. ಆದ್ದರಿಂದ 1991ರ ಜನಗಣತಿಯ ‘ಬಿಜಾಪುರ ಜಿಲ್ಲೆ’ ಇಂದಿನ ಎರಡು ಜಿಲ್ಲೆಗಳನ್ನು ಒಳಗೊಂಡಿದೆ. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರು ವಿಜಯಪುರ ಎಂದಾಯಿತು. 2011ರ ಜನಗಣತಿಯ ಕೋಷ್ಟಕಗಳಲ್ಲಿ ಜಿಲ್ಲೆಯು ಹಳೆಯ ಹೆಸರಿನಲ್ಲಿಯೇ ಇದೆ.

2011ರಲ್ಲಿ ಜಿಲ್ಲೆಯಲ್ಲಿ ಬಿಜಾಪುರ, ಬಸವನ ಬಾಗೇವಾಡಿ, ಇಂಡಿ, ಮುದ್ದೇಬಿಹಾಳ, ಸಿಂದಗಿ ಎಂಬ 5 ತಾಲೂಕುಗಳಿದ್ದವು. ಆ ಬಳಿಕ ಬಬಲೇಶ್ವರ, ತಿಕೋಟಾ, ಕೊಲ್ಹಾರ, ನಿಡಗುಂದಿ, ತಾಳಿಕೋಟೆ, ಚಡಚಣ, ದೇವರ ಹಿಪ್ಪರಗಿ ಮತ್ತು ಆಲಮೇಲ ತಾಲೂಕುಗಳು ರಚನೆಯಾಗಿ ಒಟ್ಟು ಸಂಖ್ಯೆ 13ಕ್ಕೆ ಏರಿತು. ಇವುಗಳಲ್ಲಿ ದೇವರ ಹಿಪ್ಪರಗಿ ಮತ್ತು ಆಲಮೇಲ ಹಿಂದೆ ಸಿಂದಗಿ ತಾಲೂಕಿನಲ್ಲಿದ್ದವು. 2011ರ ‘ಸಿಂದಗಿ ತಾಲೂಕು’ ಜನಸಂಖ್ಯೆಯನ್ನು ಇಂದಿನ ಸಿಂದಗಿ ತಾಲೂಕಿನ ಶಾಲೆಗಳ ಅಥವಾ ಆಸ್ಪತ್ರೆಗಳ ಸಂಖ್ಯೆಯೊಂದಿಗೆ ಹೋಲಿಸಿದರೆ, ಹೆಚ್ಚು ಜನರಿಗೆ ಕಡಿಮೆ ಸೌಲಭ್ಯವಿದೆ ಎಂಬ ತಪ್ಪು ಚಿತ್ರ ಮೂಡುತ್ತದೆ. ಹಳೆಯ ತಾಲೂಕಿನ ಗ್ರಾಮವಾರು ಅಂಕಿಗಳನ್ನು ತೆಗೆದುಕೊಂಡು, ಇಂದಿನ ತಾಲೂಕಿಗೆ ಸೇರಿದ ಗ್ರಾಮಗಳನ್ನು ಮಾತ್ರ ಕೂಡಿಸುವುದು ಇದಕ್ಕಿರುವ ಸರಿಯಾದ ಮಾರ್ಗ.

ಆಡಳಿತದ ಗಡಿಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದೂ ಇಲ್ಲ. ಕಂದಾಯ ಇಲಾಖೆಗೆ ಹೋಬಳಿ ಮತ್ತು ಗ್ರಾಮ, ಪಂಚಾಯತ್ ರಾಜ್ ಇಲಾಖೆಗೆ ಗ್ರಾಮ ಪಂಚಾಯಿತಿ, ಪುರಸಭೆಗೆ ವಾರ್ಡು, ಪೊಲೀಸರಿಗೆ ಠಾಣಾ ವ್ಯಾಪ್ತಿ, ಅಂಚೆ ಇಲಾಖೆಗೆ ಪಿನ್ ಕೋಡ್ ಆಧಾರ. ಸಿಂದಗಿ ಮತ್ತು ದೇವರ ಹಿಪ್ಪರಗಿ ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳು. ಅವುಗಳ ಎಲ್ಲೆಯು ತಾಲೂಕಿನ ಎಲ್ಲೆಯನ್ನು ಅನುಸರಿಸುವುದಿಲ್ಲ. ಪುರಸಭೆಯ ವಾರ್ಡುಗಳು ಮರುವಿಂಗಡಣೆಯಾದಾಗ ಒಂದು ವಾರ್ಡಿನ ಹಳೆಯ ಸಂಖ್ಯೆ ಮತ್ತೊಂದು ಪ್ರದೇಶಕ್ಕೆ ಹೋಗಬಹುದು. ಬೆಂಗಳೂರಿನಲ್ಲಿಯೂ ಇದೇ ತೊಡಕಿದೆ. 2011ರ ಜನಗಣತಿಯು ಅಲ್ಲಿನ 198 ವಾರ್ಡುಗಳನ್ನು ಆಧರಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನಗರವು 5 ಪಾಲಿಕೆಗಳಾಗಿ ವಿಂಗಡಣೆಯಾಯಿತು.

ರೋಮನ್ ಲಿಪಿಯ ಕಾಗುಣಿತ ಇನ್ನೊಂದು ತೊಡಕು. ಕನ್ನಡದಲ್ಲಿ ‘ಸಿಂದಗಿ’ ಎಂದು ಒಂದೇ ರೀತಿ ಬರೆಯುವ ಹೆಸರು ರೋಮನ್ ಲಿಪಿಯ ಸರ್ಕಾರಿ ಕಡತಗಳಲ್ಲಿ ‘ಗ’ಕಾರದ ಹಿಂದಿನ ಸ್ವರ ಇರುವ ಹಾಗೂ ಇಲ್ಲದ ಎರಡು ರೂಪಗಳಲ್ಲಿ ಬರುತ್ತದೆ. ಆದ್ದರಿಂದ ಹೆಸರಿನ ಬದಲು ಗ್ರಾಮದ ಸಂಕೇತ ಸಂಖ್ಯೆಯ ಮೂಲಕ ಕಡತಗಳನ್ನು ಜೋಡಿಸುವುದು ಸುರಕ್ಷಿತ. ಜನಗಣತಿಯ ಸಂಕೇತ ಸಂಖ್ಯೆಯೂ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ನಿರ್ದೇಶಿಕೆಯ ಸಂಕೇತ ಸಂಖ್ಯೆಯೂ ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಪರಿಶೀಲಿಸಬೇಕು.

ಪ್ರಮುಖ ಆಕರಗಳು

ಜನಗಣತಿ

ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಗ್ರಾಮ ಮತ್ತು ಪಟ್ಟಣಗಳ ಸೌಲಭ್ಯ ನಿರ್ದೇಶಿಕೆ. ಎರಡನೆಯದು ಗ್ರಾಮವಾರು ಹಾಗೂ ವಾರ್ಡುವಾರು ಪ್ರಾಥಮಿಕ ಗಣತಿ ಸಾರಾಂಶ. ಮನೆಗಳ ಸಂಖ್ಯೆ, ಲಿಂಗವಾರು ಜನಸಂಖ್ಯೆ, 0–6 ವಯಸ್ಸಿನ ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡ, ಅಕ್ಷರಸ್ಥರು, ದುಡಿಯುವವರ ವರ್ಗೀಕರಣ ಇವು ಸಾರಾಂಶದಲ್ಲಿ ದೊರೆಯುತ್ತವೆ. ಮನೆಪಟ್ಟಿ ಗಣತಿಯು ಕುಡಿಯುವ ನೀರಿನ ಮೂಲ, ಶೌಚಾಲಯ, ಚರಂಡಿ, ಅಡುಗೆ ಇಂಧನ ಮೊದಲಾದ ವಿವರಗಳನ್ನು ನೀಡುತ್ತದೆ.

ಸಾಕ್ಷರತಾ ಪ್ರಮಾಣವನ್ನು 7 ವರ್ಷ ಮತ್ತು ಮೇಲ್ಪಟ್ಟವರ ಸಂಖ್ಯೆಗೆ ಲೆಕ್ಕ ಹಾಕಲಾಗುತ್ತದೆ. ವಾರ್ಡಿನ ಅಕ್ಷರಸ್ಥರನ್ನು ಒಟ್ಟು ಜನಸಂಖ್ಯೆಯಿಂದ ಭಾಗಿಸಿದರೆ, ಹೆಚ್ಚು ಮಕ್ಕಳಿರುವ ವಾರ್ಡುಗಳು ಇರುವುದಕ್ಕಿಂತ ಹಿಂದುಳಿದಂತೆ ಕಾಣುತ್ತವೆ. 0–6 ವಯಸ್ಸಿನವರನ್ನು ಕಳೆದ ಬಳಿಕವೇ ಭಾಗಿಸಬೇಕು. 2011ರಲ್ಲಿ ಜಿಲ್ಲೆಯ ಜನಸಂಖ್ಯೆ 21,77,331 ಮತ್ತು ಸಾಕ್ಷರತೆ ಶೇ 67.15 ಇತ್ತು. ರಾಜ್ಯದ ಸಾಕ್ಷರತೆ ಶೇ 75.36. ಜಿಲ್ಲೆಯ ಸರಾಸರಿಯಿಂದ ಒಂದು ವಾರ್ಡಿನ ಸ್ಥಿತಿಯನ್ನು ಊಹಿಸುವುದು ಸರಿಯಲ್ಲ.

2021ರ ಜನಗಣತಿ ಮುಂದೂಡಲ್ಪಟ್ಟಿತು. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅದರ ಫಲಿತಾಂಶ ಪ್ರಕಟವಾಗುವವರೆಗೆ ವಾರ್ಡು ಮಟ್ಟದ ಸಂಪೂರ್ಣ ಎಣಿಕೆಯಾಗಿ 2011ರ ಗಣತಿಯೇ ಆಧಾರ. 2011ರ ನಂತರ ತಲೆಯೆತ್ತಿದ ಬಡಾವಣೆಯೊಂದು ಆ ಗಣತಿಯಲ್ಲಿ ಹೊಲವಾಗಿಯೇ ಉಳಿದಿರುತ್ತದೆ.

ಭೂಮಿ ಮತ್ತು ಆಸ್ತಿ ದಾಖಲೆಗಳು

ಕಲಬುರಗಿ–ವಿಜಯಪುರ ನಡುವಿನ ರಾಷ್ಟ್ರೀಯ ಹೆದ್ದಾರಿ 50 ಸಿಂದಗಿಯ ಮೂಲಕ ಹಾದುಹೋಗುತ್ತದೆ. ಇಂತಹ ರಸ್ತೆಗಳ ಇಕ್ಕೆಲದ ಹೊಲಗಳು ನಿವೇಶನಗಳಾಗುವಾಗ ಕೊಳ್ಳುವವರು ನೋಡಬೇಕಾದ ದಾಖಲೆಗಳು ಹಲವು. ಈ ಭಾಗದ ಆಡುಮಾತಿನಲ್ಲಿ ನಿವೇಶನಕ್ಕೆ ‘ಪ್ಲಾಟು’, ಪಹಣಿಗೆ ‘ಉತಾರ’, ಕೃಷಿಯೇತರ ಪರಿವರ್ತನೆಗೆ ‘ಎನ್.ಎ.’ ಎನ್ನುವ ರೂಢಿಯಿದೆ.

ಭೂಮಿ ಜಾಲತಾಣದಲ್ಲಿ ಸರ್ವೆ ನಂಬರಿನ ಪಹಣಿ ಮತ್ತು ಹಕ್ಕು ಬದಲಾವಣೆಯ ವಿವರಗಳನ್ನು ನೋಡಬಹುದು. ‘ದಿಶಾಂಕ್’ ಆ್ಯಪ್ ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುತ್ತದೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಗಳಲ್ಲಿ ಹಳ್ಳ, ಕೆರೆ, ಬಂಡಿದಾರಿಗಳ ಗುರುತುಗಳಿರುತ್ತವೆ. ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಪರಿವರ್ತನೆ ಬೇಕು. ಪರಿವರ್ತನೆಯ ಆದೇಶ ಮತ್ತು ಬಡಾವಣೆಯ ವಿನ್ಯಾಸದ ಅನುಮೋದನೆ ಎರಡು ಬೇರೆ ಬೇರೆ ಸಂಗತಿಗಳು. ಮೊದಲನೆಯದು ಇದ್ದ ಮಾತ್ರಕ್ಕೆ ರಸ್ತೆ, ಉದ್ಯಾನ ಮತ್ತು ಚರಂಡಿಗೆ ಜಾಗ ಬಿಟ್ಟಿದ್ದಾರೆ ಎಂದು ತಿಳಿಯಲಾಗದು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳಿಗೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಅಥವಾ ನಮೂನೆ 11ಬಿ ದೊರೆಯುತ್ತದೆ. 11ಬಿ ಇರುವ ಆಸ್ತಿಯ ಕಾನೂನು ಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗೂ, ಅಂದರೆ ಸುಮಾರು 5 ಗುಂಟೆಗೂ, ಹೆಚ್ಚಿನ ಜಮೀನಿನ ಬಡಾವಣೆಯು ಮಾರಾಟಕ್ಕೆ ಮುನ್ನ ನೋಂದಣಿಯಾಗಬೇಕು. ರಾಜ್ಯದ ‘ರೇರಾ’ ಜಾಲತಾಣದಲ್ಲಿ ನೋಂದಾಯಿತ ಯೋಜನೆಗಳ ಪಟ್ಟಿ ಎಲ್ಲರಿಗೂ ಲಭ್ಯ. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದಲ್ಲಿ ಶುಲ್ಕ ತುಂಬಿ ಪಡೆಯಬೇಕು. ಮಾರ್ಗಸೂಚಿ ದರಗಳ ಪಟ್ಟಿಯು ಮುದ್ರಾಂಕ ಶುಲ್ಕಕ್ಕೆ ಆಧಾರವೇ ಹೊರತು ಮಾರುಕಟ್ಟೆಯ ಬೆಲೆಯಲ್ಲ. ಆದರೂ ಒಂದು ರಸ್ತೆಗೂ ಇನ್ನೊಂದಕ್ಕೂ ಇರುವ ಅಂತರವನ್ನು ಅದು ಸೂಚಿಸುತ್ತದೆ.

ನೀರು, ಮಳೆ ಮತ್ತು ಪ್ರವಾಹ

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ದೂರಸಂವೇದಿ ಮಳೆಮಾಪಕಗಳ ಜಾಲವನ್ನು ಹೊಂದಿದೆ. ಕೇಂದ್ರ ಅಂತರ್ಜಲ ಮಂಡಳಿಯು ಅಂತರ್ಜಲ ಬಳಕೆಯನ್ನು ಅಂದಾಜಿಸಿ, ವಾರ್ಷಿಕವಾಗಿ ತೆಗೆಯಬಹುದಾದ ನೀರಿನ ಶೇ 70ರವರೆಗೆ ಬಳಸುವ ಘಟಕಗಳನ್ನು ಸುರಕ್ಷಿತ, 70ರಿಂದ 90ರವರೆಗೆ ಅರೆ ವಿಷಮ, 90ರಿಂದ 100ರವರೆಗೆ ವಿಷಮ, 100ಕ್ಕೂ ಮೀರಿದರೆ ಅತಿಬಳಕೆ ಎಂದು ವರ್ಗೀಕರಿಸುತ್ತದೆ. ಈ ವರ್ಗವು ಇಡೀ ತಾಲೂಕಿಗೆ ಅನ್ವಯಿಸುತ್ತದೆ. ಒಂದು ಪ್ಲಾಟಿನಲ್ಲಿ ಕೊಳವೆಬಾವಿ ತೋಡಿದರೆ ನೀರು ಬೀಳುವುದೇ ಎಂಬುದಕ್ಕೆ ಅದು ಉತ್ತರವಲ್ಲ.

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಭಾರಿ ಮಳೆ ಮತ್ತು ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರಿನಿಂದ ಭೀಮಾ ನದಿ ಉಕ್ಕಿ ಇಂಡಿ ಮತ್ತು ಸಿಂದಗಿ ಭಾಗದ ನದಿದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಮಳೆಯ ಸ್ಥಳೀಯ ಅಂಕಿಗಳನ್ನು ಮಾತ್ರ ನೋಡುವವರಿಗೆ ಈ ಅಪಾಯ ಕಾಣುವುದಿಲ್ಲ, ಏಕೆಂದರೆ ನೀರು ಬಂದದ್ದು ಮೇಲಿನ ಜಲಾನಯನದಿಂದ. ಕೇಂದ್ರ ಜಲ ಆಯೋಗದ ನದಿಮಟ್ಟದ ಮಾಹಿತಿ, ಇಸ್ರೋದ ‘ಭುವನ್’ ಪೋರ್ಟಲ್ ಹಾಗೂ ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಉಚಿತ ಚಿತ್ರಗಳು ಇಲ್ಲಿ ನೆರವಾಗುತ್ತವೆ. ಸೆಂಟಿನೆಲ್-1 ರೇಡಾರ್ ಉಪಗ್ರಹವಾದ್ದರಿಂದ ಮೋಡ ಕವಿದಾಗಲೂ ನಿಂತ ನೀರನ್ನು ಗುರುತಿಸಬಲ್ಲದು.

ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದ ಹಿನ್ನೀರಿನ ಭಾಗದಲ್ಲಿ ಪ್ರಶ್ನೆ ಬೇರೆಯದು. ಇಲ್ಲಿ ಮುಳುಗಡೆಯಾದ ಊರು ಮತ್ತು ಪುನರ್ವಸತಿ ಕೇಂದ್ರಗಳಿಗೆ ಒಂದೇ ಹೆಸರಿರಬಹುದು. ಹಳೆಯ ನಕ್ಷೆಯ ಊರಿನ ಗುರುತು ಇಂದು ಜನವಸತಿ ಇರುವ ಸ್ಥಳವಾಗಿರಬೇಕಾಗಿಲ್ಲ.

ಶಾಲೆ ಮತ್ತು ಸುರಕ್ಷತೆ

ಯು-ಡೈಸ್ ಪ್ಲಸ್ ವ್ಯವಸ್ಥೆಯಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ಸಂಖ್ಯೆಯಿದೆ. ಮಾಧ್ಯಮ, ತರಗತಿಗಳು, ಶಿಕ್ಷಕರ ಸಂಖ್ಯೆ, ಶೌಚಾಲಯ, ಕುಡಿಯುವ ನೀರು ಮೊದಲಾದ ಮಾಹಿತಿ ಶಾಲಾವಾರು ದೊರೆಯುತ್ತದೆ. ಇದನ್ನು ಶಾಲೆಗಳೇ ಭರ್ತಿ ಮಾಡುವುದರಿಂದ, ಶೌಚಾಲಯ ‘ಇದೆ’ ಎಂಬ ನಮೂದು ಅದು ಬಳಕೆಯಲ್ಲಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳು ಜಿಲ್ಲಾ ಮಟ್ಟಕ್ಕೆ ನಿಲ್ಲುತ್ತವೆ. 2016ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ ಸೂಕ್ಷ್ಮ ಪ್ರಕರಣಗಳನ್ನು ಹೊರತುಪಡಿಸಿ ಪ್ರಥಮ ವರ್ತಮಾನ ವರದಿಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ದಾಖಲಾದ ಪ್ರಕರಣಗಳು ಹೆಚ್ಚಿರುವ ಠಾಣೆಯ ವ್ಯಾಪ್ತಿಯಲ್ಲಿ ಅಪರಾಧವೂ ಹೆಚ್ಚೆಂದು ನೇರವಾಗಿ ತೀರ್ಮಾನಿಸಲಾಗದು. ಜನರು ನಿರ್ಭೀತಿಯಿಂದ ದೂರು ಕೊಡುವ ಕಡೆಯೂ ಸಂಖ್ಯೆ ಏರುತ್ತದೆ.

ಅಧ್ಯಯನದ ಕ್ರಮ

ಪಟ್ಟಣದ ಅಂಚಿನ ಒಂದು ಬಡಾವಣೆಯನ್ನು ಪರಿಶೀಲಿಸುವಾಗ ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸಬಹುದು.

1. ಸ್ಥಳವನ್ನು ನಿಶ್ಚಯಿಸುವುದು: ಅಕ್ಷಾಂಶ–ರೇಖಾಂಶ, ಸರ್ವೆ ನಂಬರ್, ಗ್ರಾಮ, ಹಾಗೂ ಅದು ಪುರಸಭೆಗೆ ಸೇರಿದೆಯೇ ಗ್ರಾಮ ಪಂಚಾಯಿತಿಗೆ ಸೇರಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳುವುದು. ನೀರು, ಕಸ ವಿಲೇವಾರಿ ಮತ್ತು ತೆರಿಗೆಯ ಹೊಣೆ ಯಾರದೆಂಬುದು ಇದರಿಂದ ತಿಳಿಯುತ್ತದೆ.

2. ಜಾಗದ ಹಿಂದಿನ ರೂಪವನ್ನು ನೋಡುವುದು: ಗ್ರಾಮ ನಕ್ಷೆ ಮತ್ತು ಹಳೆಯ ಉಪಗ್ರಹ ಚಿತ್ರಗಳನ್ನು ಹೋಲಿಸಿ ಹಳ್ಳ, ಕೆರೆ ಅಂಗಳ ಅಥವಾ ದಾರಿ ಮುಚ್ಚಿಹೋಗಿದೆಯೇ ಎಂದು ಪರಿಶೀಲಿಸುವುದು.

3. ಕಾನೂನು ಸ್ಥಿತಿಯನ್ನು ಪರೀಕ್ಷಿಸುವುದು: ಪಹಣಿ, ಪರಿವರ್ತನೆ ಆದೇಶ, ವಿನ್ಯಾಸ ಅನುಮೋದನೆ, ರೇರಾ ನೋಂದಣಿ, ಖಾತೆಯ ನಮೂನೆ, ಋಣಭಾರ ಪ್ರಮಾಣಪತ್ರ ಇವುಗಳಲ್ಲಿನ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಪರಸ್ಪರ ಹೊಂದುತ್ತವೆಯೇ ಎಂದು ನೋಡುವುದು.

4. ಸೌಕರ್ಯಗಳನ್ನು ಗುರುತಿಸುವುದು: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳನ್ನು ನಕ್ಷೆಯಲ್ಲಿ ಗುರುತಿಸಿ, ನೇರ ಗೆರೆಯ ಅಂತರದ ಬದಲು ನಡೆದುಹೋಗುವ ದಾರಿಯ ಅಂತರವನ್ನು ಅಳೆಯುವುದು.

5. ಪ್ರತಿ ಅಂಕಿಯ ಪಕ್ಕದಲ್ಲಿ ಆಕರ, ವರ್ಷ ಮತ್ತು ಗಡಿಯನ್ನು ನಮೂದಿಸುವುದು.

6. ಸ್ಥಳ ಪರಿಶೀಲನೆ: ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಹೋಗಿ ನೋಡುವುದು, ನೆರೆಹೊರೆಯವರನ್ನು ವಿಚಾರಿಸುವುದು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎರಿ ಮಣ್ಣಿನಲ್ಲಿ ಮಳೆಗಾಲದ ದಾರಿ ಹೇಗಿರುತ್ತದೆ ಎಂಬಂತಹ ಸಂಗತಿಗಳು ಕೋಷ್ಟಕಗಳಿಗಿಂತ ಮೊದಲು ನಿವಾಸಿಗಳಿಗೆ ಗೊತ್ತಿರುತ್ತವೆ.

ಜಾಲತಾಣದಲ್ಲಿ ಸಿಗದ ಮಾಹಿತಿಗೆ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಬಹುದು. ‘ಎಲ್ಲ ಮಾಹಿತಿ ಕೊಡಿ’ ಎನ್ನುವ ಅರ್ಜಿಗಿಂತ, ನಿರ್ದಿಷ್ಟ ಸರ್ವೆ ನಂಬರಿನ ವಿನ್ಯಾಸ ಅನುಮೋದನೆಯ ಪ್ರತಿಯನ್ನು ಕೋರುವ ಅರ್ಜಿ ಹೆಚ್ಚು ಫಲಕಾರಿ.

ಮಿತಿಗಳು ಮತ್ತು ಟೀಕೆಗಳು

ದತ್ತಾಂಶ ಎಲ್ಲರಿಗೂ ತೆರೆದಿದ್ದರೂ ಅದರ ಲಾಭ ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ ಎಂಬುದು ಮುಖ್ಯ ಟೀಕೆ. ಸಾಲೊಮನ್ ಬೆಂಜಮಿನ್ ಮತ್ತು ಸಹಸಂಶೋಧಕರು 2007ರಲ್ಲಿ ಭೂಮಿ ಯೋಜನೆಯ ಕುರಿತು ಪ್ರಕಟಿಸಿದ ಅಧ್ಯಯನವು, ದಾಖಲೆಗಳ ಗಣಕೀಕರಣವು ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೆ ಹೆಚ್ಚು ಅನುಕೂಲ ಮಾಡಿಕೊಟ್ಟಿತು ಎಂದು ವಾದಿಸಿತು. ಗಣಕ, ಇಂಗ್ಲಿಷ್ ಮತ್ತು ಕಾನೂನಿನ ಪರಿಚಯ ಇಲ್ಲದವರಿಗೆ ತೆರೆದ ಕಡತವೂ ಮುಚ್ಚಿದಂತೆಯೇ ಉಳಿಯುತ್ತದೆ.

ಎರಡನೆಯದಾಗಿ, ಬಡಾವಣೆಯ ಅಂಕಿಗಳು ಅಲ್ಲಿನ ಜನರ ಮೇಲೆ ಮುದ್ರೆಯೊತ್ತುವ ಸಾಧನವಾಗಬಹುದು. ಜಾತಿ, ಧರ್ಮ ಅಥವಾ ಕೊಳೆಗೇರಿಯ ಪ್ರಮಾಣವನ್ನು ನೋಡಿ ಒಂದು ಓಣಿಯನ್ನು ‘ಒಳ್ಳೆಯದು’ ಅಥವಾ ‘ಕೆಟ್ಟದು’ ಎಂದು ವಿಂಗಡಿಸುವುದು ಬಹಿಷ್ಕಾರದ ಹೊಸ ರೂಪವಾಗುತ್ತದೆ. ನಲ್ಲಿ, ಚರಂಡಿ ಇಲ್ಲದ ವಾರ್ಡಿನ ಅಂಕಿಯು ಮೊದಲು ಸೌಕರ್ಯ ಒದಗಿಸಬೇಕಾದವರ ಹೊಣೆಯನ್ನು ಸೂಚಿಸುತ್ತದೆ. ಅಂತೆಯೇ ಪಹಣಿಯಲ್ಲಿ ಕಾಣುವ ಹೆಸರುಗಳು ಮತ್ತು ಸಾಲದ ವಿವರಗಳನ್ನು ಒಟ್ಟುಗೂಡಿಸಿ ಹಂಚುವುದು ಖಾಸಗಿತನಕ್ಕೆ ಧಕ್ಕೆ ತರುತ್ತದೆ.

ಮೂರನೆಯದಾಗಿ, ಸಣ್ಣ ಪಟ್ಟಣಗಳಲ್ಲಿ ಮಾಪನವೇ ವಿರಳ. ಗಾಳಿಯ ಗುಣಮಟ್ಟವನ್ನು ನಿರಂತರವಾಗಿ ಅಳೆಯುವ ಕೇಂದ್ರ ವಿಜಯಪುರ ನಗರದಲ್ಲಿದೆ. ಅದರ ಅಂಕಿಯನ್ನು ಸುಮಾರು 60 ಕಿ.ಮೀ. ದೂರದ ಸಿಂದಗಿಗೆ ಅನ್ವಯಿಸಲಾಗದು. ಅಳತೆ ಇಲ್ಲದಿರುವುದನ್ನು ಸಮಸ್ಯೆ ಇಲ್ಲವೆಂದು ಓದುವುದು ಈ ಕ್ಷೇತ್ರದ ಸಾಮಾನ್ಯ ತಪ್ಪುಗಳಲ್ಲೊಂದು.

ಸ್ಥಳೀಯರ ಪಾಲ್ಗೊಳ್ಳುವಿಕೆ

ದತ್ತಾಂಶದ ಕೊರತೆಯನ್ನು ನಿವಾಸಿಗಳು ಭಾಗಶಃ ತುಂಬಬಲ್ಲರು. 2004ರಲ್ಲಿ ಆರಂಭವಾದ ಓಪನ್ ಸ್ಟ್ರೀಟ್ ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ಮುಕ್ತ ನಕ್ಷೆ. ಓಣಿಯ ಹೆಸರು, ಕುಡಿಯುವ ನೀರಿನ ಘಟಕ, ಅಂಗನವಾಡಿ, ಬಸ್ ನಿಲುಗಡೆ ಮೊದಲಾದವನ್ನು ಅದರಲ್ಲಿ ಕನ್ನಡದಲ್ಲಿಯೇ ಸೇರಿಸಬಹುದು. ಗ್ರಾಮ ಪಂಚಾಯಿತಿಗಳ ಯೋಜನೆ ಮತ್ತು ಖರ್ಚಿನ ವಿವರಗಳು 2020ರಿಂದ ‘ಇ-ಗ್ರಾಮ ಸ್ವರಾಜ್’ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತಿವೆ. ಕಾಮಗಾರಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಸ್ಥಳದಲ್ಲಿ ಕಾಮಗಾರಿ ನಡೆದಿದೆಯೇ ಎಂದು ಕೇಳಲು ಈ ವಿವರಗಳು ಆಧಾರವಾಗುತ್ತವೆ. ಹೀಗೆ ಊರಿನವರೇ ಪರೀಕ್ಷಿಸಿ ತಿದ್ದಿದ ಅಂಕಿಯು, ಮನೆ ಕಟ್ಟಲು ಬರುವ ಹೊಸಬರಿಗೂ ಅಲ್ಲಿಯೇ ಬಾಳುವ ಹಳಬರಿಗೂ ಹೆಚ್ಚು ನಂಬಲರ್ಹವಾಗುತ್ತದೆ.